ಅರ್ಧ ಒತ್ತು

ನನ್ನ ಸ್ಟುಡಿಯೋದಲ್ಲಿ ಯಾರೂ ಅಲ್ಲಾಡುವುದಿಲ್ಲ.
ಹಾಲ್ ಟಿಕೆಟ್ಟು, ರೇಷನ್ ಕಾರ್ಡು,
ಗಂಡಿನ ಕಡೆಯವರಿಗೆ ಕಳಿಸುವ ಪೋಸ್ಟ್‌ಕಾರ್ಡ್ ಸೈಜು.
ನೀಲಿ ಪರದೆಯ ಮುಂದೆ ಕೂತವರು
ನಾನು ‘ಸಾಕು’ ಎನ್ನುವವರೆಗೆ
ಉಸಿರನ್ನೂ ಬಾಯಲ್ಲೇ ಇಟ್ಟುಕೊಂಡಿರುತ್ತಾರೆ.
ಇಪ್ಪತ್ತು ವರ್ಷ ಹೀಗೇ ಹೋಯಿತು,
ಬಕೆಟ್ಟಿನಲ್ಲಿ ಮೀನು ಹಿಡಿದ ಹಾಗೆ.

ಓಂಕಾರಪ್ಪ ಮೇಷ್ಟ್ರು ಬಂದರು.
‘ಹುಡುಗೀರು ಖೊಖೊದಾಗೆ ಜಿಲ್ಲಾ ಮಟ್ಟಕ್ಕೆ ಹೋಗ್ಯಾರ್ರಿ.
ನಮ್ಮ ಕೊಟ್ರಮ್ಮ ಕಂಬ ಹಿಡಿದು ಹಾರೋದು
ಒಂದು, ಒಂದೇ ಒಂದು, ಆಫೀಸ್ ರೂಮಿಗೆ ಬೇಕು.’

ಹಳೇ ದಾವಣಗೆರೆ. ಮುಚ್ಚಿದ ಹತ್ತಿ ಮಿಲ್ಲಿನ ಗೋಡೆ,
ಅದರ ನೆರಳು ಅಂಗಳದ ಅರ್ಧಕ್ಕೆ ಬಂದಾಗ ಆಟ ಶುರು.
ಮೊದಲ ಸಂಜೆ ಮೂವತ್ತಾರು ತೆಗೆದೆ, ರೋಲಿನ ಕಾಲದ ಲೆಕ್ಕ.
ಕಂಬ. ಧೂಳು. ಧೂಳಿನಲ್ಲೊಂದು ಜಡೆಯ ತುದಿ.
ಕಂಬ. ಕಂಬ. ಯಾರದೋ ಹಿಮ್ಮಡಿ.
ಅವಳು ಹಾರಿದಾಗಲೇ ಒತ್ತಿದ್ದೆ, ದೇವರಾಣೆ.
ಕ್ಯಾಮೆರಾ ಮಾತ್ರ ತಾಲ್ಲೂಕು ಕಚೇರಿಯ ಗುಮಾಸ್ತನ ಹಾಗೆ
ಅರ್ಜಿ ತಗೊಂಡು, ಕನ್ನಡಕ ಹುಡುಕಿ,
ದೂರವೆಷ್ಟು, ಬೆಳಕೆಷ್ಟು ಎಂದು ವಿಚಾರಿಸಿ
ಸಹಿ ಹಾಕುವಷ್ಟರಲ್ಲಿ
ಹುಡುಗಿ ಎದ್ದು ಮೊಣಕಾಲು ಒರೆಸಿಕೊಳ್ಳುತ್ತಿದ್ದಳು.

ಮನೆ ದಾರಿಯಲ್ಲಿ ಮಂಡಕ್ಕಿ ಭಟ್ಟಿ.
ಪ್ಯಾರಿಜಾನಮ್ಮ ಕಾದ ಮರಳಿಗೆ ಅಕ್ಕಿ ಸುರಿದು
ಕೈಯಾಡಿಸುತ್ತಿದ್ದಳು. ಚಟಪಟ. ಜರಡಿ. ಬಿಳಿ.
ನನ್ನ ಫಜೀತಿ ಕೇಳಿ ತಿರುಗಿಯೂ ನೋಡಲಿಲ್ಲ.
‘ಅರಳಿದ್ದು ನೋಡಿ ತೆಗಿಯಾಕೆ ಹೋದ್ರೆ
ಕರ್ರಗಾಗ್ತೈತೆ ಭಾಯಿ. ಕಣ್ಣು ಯಾವಾಗ್ಲೂ ತಡ.
ಸಪ್ಪಳ ಬರಾಕೆ ಮುಂಚೆ ಕೈ ಎದ್ದಿರಬೇಕು.’
ಎರಡು ಸೇರು ಕೊಂಡೆ. ಗುರುದಕ್ಷಿಣೆ ಏನಲ್ಲ,
ಹಸಿವಾಗಿತ್ತು.

ಮರುದಿನ ಫ್ಲ್ಯಾಶ್ ಆರಿಸಿ,
ಹಿಂದಿನ ಪರದೆ ಮುಚ್ಚಿ, ಕಿಂಡಿಗೆ ಕಣ್ಣಿಟ್ಟೆ.
ಹುಡುಗಿಯ ಬೆನ್ನು ಹತ್ತುವುದು ಬಿಟ್ಟೆ.
ಕಂಬವನ್ನು ನೋಡಿದೆ. ಅದು ಎಲ್ಲಿಗೂ ಹೋಗುವುದಿಲ್ಲ,
ಅವಳೇ ಅಲ್ಲಿಗೆ ಬರಬೇಕು.
ಗುಂಡಿ ಅರ್ಧ ಒತ್ತಿದೆ.
ಹಸಿರು ಚೌಕ ಕಂಬದ ಮೇಲೆ ಬಂದು ಕೂತಿತು.
ಇನ್ನರ್ಧ ಬೆರಳಲ್ಲೇ ಉಳಿಯಿತು,
ತುಟಿವರೆಗೆ ಬಂದ ಬೈಗುಳದ ಹಾಗೆ.

ಕಾಯುವುದೆಂದರೆ ಸುಮ್ಮನಿರುವುದು ಅಂದುಕೊಂಡಿದ್ದೆನಲ್ಲ,
ಸಾಲಾಗಿ ಕುಕ್ಕರಗಾಲಲ್ಲಿ ಕೂತ ಆ ಎಂಟು ಜನರನ್ನು ನೋಡಿ,
ಒಬ್ಬಳ ಮುಖ ಆಚೆ, ಒಬ್ಬಳದು ಈಚೆ,
ಬೆನ್ನಿಗೆ ಕೈ ಬೀಳುವ ಮೊದಲೇ
ಅವರ ಹಿಮ್ಮಡಿ ನೆಲ ಬಿಟ್ಟಿರುತ್ತದೆ.

ನಾಲ್ಕು ಸಂಜೆ ನೋಡಿದ ಮೇಲೆ ಗೊತ್ತಾಯಿತು:
ಹಾರುವ ಮುನ್ನ ಕೊಟ್ರಮ್ಮನ ಎಡ ಭುಜ
ಒಂದು ಬೆರಳಿನಷ್ಟು ಇಳಿಯುತ್ತದೆ.
ಹೆತ್ತವ್ವನಿಗೂ ಗೊತ್ತಿರಲಿಕ್ಕಿಲ್ಲ.
ಐದನೇ ಸಂಜೆ
ಭುಜ ಇಳಿಯಿತು. ಒತ್ತಿದೆ.

ಸಿಕ್ಕಳು.
ಗಾಳಿಯಲ್ಲಿ ಅಡ್ಡ ಮಲಗಿದವಳು,
ಒಂದು ಕೈ ಕಂಬಕ್ಕೆ, ಒಂದು ಕೈ ಮುಂದಕ್ಕೆ,
ಓಡುವವಳ ಅಂಗಿಗೂ ಇವಳ ಬೆರಳಿಗೂ ನಡುವೆ
ಒಂದು ಮಂಡಕ್ಕಿ ಕಾಳು ಹಿಡಿಸುವಷ್ಟು ಬೆಳಕು.
ಮೇಷ್ಟ್ರು ‘ಭೇಷ್’ ಅಂದವರೇ
ಕಟ್ಟು ಹಾಕಿಸಲು ಗೋಡೆಯ ಅಳತೆಗೆ ಓಡಿದರು.

ಕೊಟ್ರಮ್ಮ ಮಣ್ಣುಗೈಯಲ್ಲೇ ಕ್ಯಾಮೆರಾ ಹಿಡಿದು
ಬಹಳ ಹೊತ್ತು ನೋಡಿದಳು.
‘ನಾನು ಮುಟ್ಟಿದ್ದೆ ಸರ್.’
ಹೌದಮ್ಮ, ಅವಳು ಔಟ್ ಆದಳಲ್ಲ.
‘ಇದರಾಗೆ ಮುಟ್ಟಿಲ್ಲ.
ಕೈ ತಾಗಾಕೆ ಮುಂಚೆ ಖೊ ಅಂದಂಗಾತು ನಿಮ್ದು.
ಫೌಲು.’

ಮೊಣಕೈ ತರಚಿಗೆ ಉಗುಳು ಹಚ್ಚಿಕೊಳ್ಳುತ್ತ
ಸಾಲಿಗೆ ಓಡಿದಳು.
ನೆರಳು ಕಂಬ ಮುಟ್ಟಲು ಇನ್ನೂ ನಾಲ್ಕು ಮೊಳ ಇತ್ತು.
ನಾನು ಮತ್ತೆ
ಅರ್ಧ ಒತ್ತಿ ನಿಂತೆ.